ಇಆರ್‌ಸಿಪಿ: ಮೊದಲ ಸಲ ಕೇಳದ ಪ್ರಶ್ನೆ, ಎರಡನೇ ಸಲ ಕೇಳಿದ ಪ್ರಶ್ನೆ

ಕಳೆದ ಶುಕ್ರವಾರ ಹೊಟ್ಟೆಯ ಮೇಲಿನ ಕೊನೆಯ ಹೊಲಿಗೆ ಬಿಚ್ಚಿಸಿಕೊಂಡು ಬಂದೆ. ಏಪ್ರಿಲ್‌ನಲ್ಲಿ ಶುರುವಾದದ್ದು ಜುಲೈ ಕೊನೆಗೆ ಮುಗಿಯಿತು. ಈ ನಾಲ್ಕು ತಿಂಗಳಲ್ಲಿ ಪಿತ್ತನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಚಿಕಿತ್ಸೆಯನ್ನು ಎರಡು ಸಲ ಮಾಡಿಸಿಕೊಂಡಿದ್ದೇನೆ. ಮೊದಲ ಸಲ ಅದರ ಬೆನ್ನಿಗೇ ಮೇದೋಜೀರಕ ಗ್ರಂಥಿಗೆ ಉರಿಯೂತ ಬಂದು ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಎರಡನೇ ಸಲ ಅದೇ ದಿನ ಸಂಜೆ ಇಡ್ಲಿ ತಿಂದೆ. ಈ ಎರಡರ ನಡುವೆ ನಾನು ಕಲಿತದ್ದನ್ನು ಬರೆದಿಡಬೇಕು ಅನ್ನಿಸಿತು. ನಮ್ಮ ಕಡೆ ಪಿತ್ತಕೋಶದ ಕಲ್ಲು ಇಲ್ಲದ ಮನೆಯೇ ಇಲ್ಲವೇನೋ ಅನ್ನುವಷ್ಟು ಜನರಿಗೆ ಈ ತೊಂದರೆ ಇದೆ. ಆದರೆ ಇಆರ್‌ಸಿಪಿ ಮಾಡಿಸುವ ಮುನ್ನ ಕೇಳಬೇಕಾದ ಒಂದು ಪ್ರಶ್ನೆಯನ್ನು ನನಗೆ ಯಾರೂ ಹೇಳಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ವಯಸ್ಸು ಮೂವತ್ತೆಂಟು, ಊರು ಅರಸೀಕೆರೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಮೌಲ್ಯಮಾಪನಕ್ಕೆ ಹೋಗುತ್ತಿದ್ದ ದಿನಗಳು. ಒಂದು ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹಿಡಿದು ಹಿಂಡಿದ ಹಾಗೆ ನೋವು ಬಂತು. ಅತ್ತೆ ಓಮದ ಕಷಾಯ ಕೊಟ್ಟರು, ಜೀರಿಗೆ ನೀರು ಕೊಟ್ಟರು. ಬೆಳಗಿನ ಜಾವ ಕಡಿಮೆಯಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಬಂತು, ಈ ಸಲ ವಾಂತಿಯೂ ಜೊತೆಗೆ. ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳು ಕಂಡವು. ಪಿತ್ತನಾಳ ಒಂಬತ್ತು ಮಿಲಿಮೀಟರ್‌ಗೆ ಹಿಗ್ಗಿದೆ, ಕಲ್ಲೊಂದು ಜಾರಿ ನಾಳಕ್ಕೆ ಬಂದಿರಬಹುದು, ಎಂಆರ್‌ಸಿಪಿ ಮಾಡಿಸಿ ಎಂದರು. ಅದು ಎಂಆರ್‌ಐ ಯಂತ್ರದಲ್ಲೇ ಮಾಡುವ ಪರೀಕ್ಷೆ. ಏಳೂವರೆ ಸಾವಿರ ರೂಪಾಯಿ, ಅರ್ಧ ಗಂಟೆಯ ಕೆಲಸ, ಸರತಿಗೆ ಎರಡು ದಿನದ ಕಾಯುವಿಕೆ. ಆರು ಮಿಲಿಮೀಟರ್‌ನ ಕಲ್ಲು ನಾಳದ ಕೆಳತುದಿಯಲ್ಲಿ ಕೂತಿತ್ತು. ಕಾಮಾಲೆ ಇರಲಿಲ್ಲ, ಕಾಮಾಲೆಯಾದರೆ ರಕ್ತದಲ್ಲಿ ಏರುವ ಬಿಲಿರುಬಿನ್ ಸರಿಯಾಗಿಯೇ ಇತ್ತು. ಆಗ ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡಿದ್ದೆ.

ಇಆರ್‌ಸಿಪಿ ಎಂದರೆ ಏನು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವ ಹಾಗೆಯೇ ಹೇಳುತ್ತೇನೆ. ಬಾಯಿಯಿಂದ ಕ್ಯಾಮೆರಾ ಕೊಳವೆಯನ್ನು ಇಳಿಸಿ, ಜಠರ ದಾಟಿಸಿ, ಸಣ್ಣಕರುಳಿನ ಮೊದಲ ತಿರುವಿಗೆ ಒಯ್ಯುತ್ತಾರೆ. ಅಲ್ಲಿ ಗೋಡೆಯ ಮೇಲೆ ಮೊಲೆತೊಟ್ಟಿನಂಥ ಒಂದು ಚಿಕ್ಕ ಉಬ್ಬು ಇದೆ. ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಎರಡೂ ಸಾಮಾನ್ಯವಾಗಿ ಆ ಒಂದೇ ಬಾಯಿಗೆ ಬಂದು ತೆರೆದುಕೊಳ್ಳುತ್ತವೆ. ವೈದ್ಯರು ಕೂದಲಿನಂಥ ತಂತಿಯನ್ನು ಆ ಬಾಯಿಯೊಳಗೆ ತೂರಿಸಿ ಪಿತ್ತನಾಳದ ದಾರಿ ಹಿಡಿಯಬೇಕು. ಪಕ್ಕದ ದಾರಿಗೆ ಹೋದರೆ ಅದು ಮೇದೋಜೀರಕ ಗ್ರಂಥಿಗೆ ಹೋಗುತ್ತದೆ. ನಮ್ಮ ಆಹಾರವನ್ನು ಜೀರ್ಣ ಮಾಡುವ ರಸಗಳು ತಯಾರಾಗುವ ಜಾಗ ಅದು. ತಂತಿ ಪದೇ ಪದೇ ತಗುಲಿ, ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಬಿಡುವ ದ್ರವ ಒಳಗೆ ಹೋಗಿ, ಬಾಯಿ ಊದಿಕೊಂಡು ದಾರಿ ಕಟ್ಟಿದರೆ ಆ ರಸಗಳು ಗ್ರಂಥಿಯೊಳಗೇ ಕೆರಳಿ ಗ್ರಂಥಿಯನ್ನೇ ಸುಡತೊಡಗುತ್ತವೆ. ಇಆರ್‌ಸಿಪಿ ನಂತರದ ಪ್ಯಾಂಕ್ರಿಯಾಟೈಟಿಸ್ ಎನ್ನುವುದು ಇದನ್ನೇ. ಈ ಚಿಕಿತ್ಸೆಯಿಂದ ಆಗುವ ತೊಂದರೆಗಳಲ್ಲಿ ಅತಿ ಹೆಚ್ಚಾಗಿ ಕಾಣುವುದೂ ಇದೇ.

ಏಪ್ರಿಲ್ ಕೊನೆಯ ವಾರ ಹತ್ತಿರದ ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದೆ. ಒಂದು ರಾತ್ರಿ, ಎರಡು ಹಗಲು, ಅಂದಾಜು ಎಪ್ಪತ್ತು ಸಾವಿರ ಎಂದಿದ್ದರು. ಯಜಮಾನರ ಕೆಲಸದ ಕಡೆಯಿಂದ ಕುಟುಂಬಕ್ಕೆಲ್ಲ ಸೇರಿ ಮೂರು ಲಕ್ಷದ ವಿಮೆ ಇದೆ. ನಗದುರಹಿತ ಚಿಕಿತ್ಸೆಗೆ ಅನುಮತಿ ಮಧ್ಯಾಹ್ನದೊಳಗೆ ಬಂತು. ಮರುದಿನ ಬೆಳಿಗ್ಗೆ ಒಪ್ಪಿಗೆ ಪತ್ರ ತಂದರು. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದೂವರೆ ಪುಟ. ರಕ್ತಸ್ರಾವ, ಕರುಳಿಗೆ ತೂತು, ಸೋಂಕು, ಪ್ಯಾಂಕ್ರಿಯಾಟೈಟಿಸ್ ಎಂದು ಒಂದೇ ಸಾಲಿನಲ್ಲಿ ಬರೆದಿತ್ತು. ಓದಿದೆ, ಸಹಿ ಹಾಕಿದೆ. ಸ್ಟ್ರೆಚರ್ ಬಾಗಿಲಲ್ಲಿ ನಿಂತಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು, ‘ಇದು ಬಾರದ ಹಾಗೆ ಏನು ಮಾಡುತ್ತೀರಿ?’ ಎಂದು ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ.

ಹನ್ನೊಂದೂವರೆಗೆ ಒಳಗೆ ಕರೆದುಕೊಂಡು ಹೋದರು. ನಿದ್ರೆಯ ಔಷಧ ಕೊಟ್ಟರು. ಎಚ್ಚರವಾದಾಗ ಒಂದೂಕಾಲು. ದಾರಿ ಸಿಗುವುದು ಕಷ್ಟವಾಯಿತು, ಕಲ್ಲು ಪೂರ್ತಿ ಬರಲಿಲ್ಲ, ಸದ್ಯಕ್ಕೆ ಪಿತ್ತನಾಳ ಕಟ್ಟದ ಹಾಗೆ ಅದರಲ್ಲಿ ಒಂದು ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಇಟ್ಟಿದ್ದೇವೆ, ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡೋಣ ಎಂದು ವೈದ್ಯರು ಯಜಮಾನರಿಗೆ ಹೇಳಿದ್ದರು.

ನಾಲ್ಕೂವರೆಗೆ ನೋವು ಶುರುವಾಯಿತು. ಕಲ್ಲಿನ ನೋವು ನನಗೆ ಗೊತ್ತಿತ್ತು, ಇದು ಆ ನೋವಲ್ಲ. ಹೊಕ್ಕುಳಿನಿಂದ ನಾಲ್ಕು ಬೆರಳು ಮೇಲೆ ಹೊಕ್ಕು ಬೆನ್ನಿನಲ್ಲಿ ಹೊರಗೆ ಬರುತ್ತಿತ್ತು. ಅಂಗಾತ ಮಲಗಲಾಗುತ್ತಿರಲಿಲ್ಲ. ದಿಂಬನ್ನು ಹೊಟ್ಟೆಗೆ ಅವಚಿಕೊಂಡು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ತಡೆಯಬಹುದಿತ್ತು. ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬಿಳಿ ಬಣ್ಣ ಎದ್ದು ಹೋಗಿ ಆನೆಯ ಆಕಾರದ ಒಂದು ಕಲೆ ಇತ್ತು. ಆ ಕಲೆಯನ್ನೇ ನೋಡುತ್ತ ಮೂರು ಗಂಟೆ ಕೂತಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಅದರ ಸೊಂಡಿಲು ಕಾಣುತ್ತದೆ.

ಗಾಳಿ ತುಂಬಿರುತ್ತಾರಲ್ಲ, ಗ್ಯಾಸ್ ಇರಬೇಕು ಎಂದರು. ಒಂದು ಇಂಜೆಕ್ಷನ್ ಕೊಟ್ಟರು. ಏಳಕ್ಕೆ ವಾಂತಿಯಾಯಿತು. ಯಜಮಾನರು ಎರಡು ಸಲ ಹೋಗಿ ಕೇಳಿದ ಮೇಲೆ ಒಂಬತ್ತು ಗಂಟೆಗೆ ರಕ್ತ ತೆಗೆದುಕೊಂಡರು. ಮೇದೋಜೀರಕ ಗ್ರಂಥಿ ಕೆರಳಿದಾಗ ರಕ್ತದಲ್ಲಿ ಏರುವ ಅಮೈಲೇಸ್ 1,840 ಬಂದಿತ್ತು. ಆ ಪ್ರಯೋಗಾಲಯದಲ್ಲಿ ನೂರರ ಒಳಗಿರಬೇಕು. ಇಲ್ಲಿ ನಿಮಗೊಂದು ಮಾತು: ಇಆರ್‌ಸಿಪಿ ಆದ ದಿನ ಹೊಟ್ಟೆ ಉಬ್ಬರಿಸುವುದು, ಗಂಟಲು ನೋಯುವುದು ಇದ್ದದ್ದೇ. ಆದರೆ ಮೇಲ್ಹೊಟ್ಟೆಯ ನೋವು ಬೆನ್ನಿಗೆ ಹೊಡೆಯುತ್ತಿದ್ದರೆ, ಗಂಟೆಗಂಟೆಗೆ ಏರುತ್ತಿದ್ದರೆ, ಅಮೈಲೇಸ್ ಅಥವಾ ಲೈಪೇಸ್ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳಿ. ಕೆಲವು ಕಡೆ ಅದೇ ದಿನ ಮನೆಗೆ ಕಳಿಸುತ್ತಾರೆ. ಮನೆ ದೂರವಿದ್ದರೆ ಅದೊಂದು ರಾತ್ರಿ ಅಲ್ಲೇ ಇರಿ. ಆ ರಾತ್ರಿ ನಾನು ಅರಸೀಕೆರೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ.

ಮುಂದಿನ ಒಂಬತ್ತು ದಿನವನ್ನು ವಿವರವಾಗಿ ಬರೆಯುವ ಶಕ್ತಿ ನನಗಿಲ್ಲ. ಹಗಲೂ ರಾತ್ರಿ ರಿಂಗರ್ ಲ್ಯಾಕ್ಟೇಟ್ ಡ್ರಿಪ್, ನೋವಿಗೆ ಇಂಜೆಕ್ಷನ್. ಮೂರನೇ ದಿನದಿಂದ ಗಂಜಿ ತಿಳಿ. ನಾಲ್ಕನೇ ದಿನ ಸಿಟಿ ಸ್ಕ್ಯಾನ್: ಗ್ರಂಥಿ ಊದಿದೆ, ಸುತ್ತ ನೀರು ಕಟ್ಟಿದೆ, ಆದರೆ ಕೊಳೆತಿಲ್ಲ ಎಂದರು. ‘ಕೊಳೆತಿಲ್ಲ’ ಎಂಬ ಪದ ಕೇಳಿ ಯಜಮಾನರು ಹೊರಗೆ ಹೋಗಿ ಅತ್ತು ಬಂದದ್ದು ನನಗೆ ಆಮೇಲೆ ಗೊತ್ತಾಯಿತು. ಮಗ ಒಂಬತ್ತನೇ ತರಗತಿ. ಅತ್ತೆಯ ಜೊತೆ ಮನೆಯಲ್ಲಿದ್ದ. ಫೋನಿನಲ್ಲಿ, ‘ಅಮ್ಮಾ, ನೀನು ನಾಳೆ ಬರುತ್ತೀಯಾ?’ ಎಂದು ದಿನಾ ಅದನ್ನೇ ಕೇಳುತ್ತಿದ್ದ.

ಹಣದ ಮಾತು. ವಿಮೆಯವರು ಮೊದಲು ಒಪ್ಪಿದ್ದು ಎರಡು ದಿನಕ್ಕೆ ಮಾತ್ರ. ದಿನ ಹೆಚ್ಚಾದಂತೆಲ್ಲ ಆಸ್ಪತ್ರೆಯ ವಿಮಾ ಕೌಂಟರಿನಿಂದ ಹೆಚ್ಚುವರಿ ಮೊತ್ತಕ್ಕೆ ಅನುಮತಿ ಕೇಳಬೇಕು. ನಾವು ಹೋಗಿ ನೆನಪಿಸದಿದ್ದರೆ ಅದು ಹೋಗುವುದೇ ಇಲ್ಲ. ಇನ್ನೊಂದು ಪೆಟ್ಟು ಕೊಠಡಿ ಬಾಡಿಗೆಯದು. ನಮ್ಮ ಪಾಲಿಸಿಯಲ್ಲಿ ದಿನಕ್ಕೆ ಮೂರು ಸಾವಿರದ ಮಿತಿ ಇತ್ತು, ನಾವು ಹಿಡಿದದ್ದು ನಾಲ್ಕು ಸಾವಿರದ ಇನ್ನೂರರ ಕೋಣೆ. ಬಾಡಿಗೆಯ ವ್ಯತ್ಯಾಸವಷ್ಟೇ ಕೈಯಿಂದ ಹೋಗುತ್ತದೆ ಎಂದುಕೊಂಡಿದ್ದೆವು. ಆದರೆ ಅದೇ ಅನುಪಾತದಲ್ಲಿ ಬೇರೆ ಶುಲ್ಕಗಳನ್ನೂ ಕಡಿತ ಮಾಡಿದರು. ಒಟ್ಟು ಬಿಲ್ 1,86,000. ವಿಮೆ ಕೊಟ್ಟದ್ದು 1,49,000. ಉಳಿದ ಮೂವತ್ತೇಳು ಸಾವಿರ ನಾವು ಕಟ್ಟಿದೆವು. ಹೋಗಲಿ ಎನ್ನೋಣ, ಆದರೆ ಆ ವರ್ಷದ ಮೂರು ಲಕ್ಷದಲ್ಲಿ ಅರ್ಧ ಅಲ್ಲಿಗೇ ಮುಗಿದಿತ್ತು. ಮುಂದೆ ಇನ್ನೊಂದು ಇಆರ್‌ಸಿಪಿ, ಅದರ ಮೇಲೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಎರಡೂ ಬಾಕಿ ಇದ್ದವು.

ಮನೆಗೆ ಬಂದ ಎರಡು ವಾರ ನಾನು ಮಾತೇ ಆಡುತ್ತಿರಲಿಲ್ಲವಂತೆ. ಸ್ಟೆಂಟ್ ಒಳಗಿದೆ ಎಂಬ ಯೋಚನೆಯೇ ಒಂದು ಭಾರ. ಮತ್ತೆ ಅದೇ ಬಾಗಿಲೊಳಗೆ ಹೋಗಬೇಕು. ಹೋಗದೆ ಇರುವ ಹಾಗೂ ಇಲ್ಲ. ಪ್ಲಾಸ್ಟಿಕ್ ಸ್ಟೆಂಟ್ ಅನ್ನು ಸುಮಾರು ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು, ಇಲ್ಲವಾದರೆ ಕಟ್ಟಿಕೊಂಡು ಸೋಂಕಾಗುತ್ತದೆ. ನೋವಿಲ್ಲ ಎಂದು ಅದನ್ನು ಮರೆತು ವರ್ಷಗಟ್ಟಲೆ ಬಿಡುವವರಿದ್ದಾರೆ ಎಂದು ಆಮೇಲೆ ವೈದ್ಯರು ಹೇಳಿದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಟ್ಟಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ.

ಬೇಸಿಗೆ ರಜೆ ಇತ್ತು. ಕೂತು ಓದತೊಡಗಿದೆ. ಓದಿದಂತೆಲ್ಲ ನನ್ನ ಬಿಲಿರುಬಿನ್ ಸರಿಯಾಗಿದ್ದದ್ದು ಈ ವಿಷಯದಲ್ಲಿ ಒಳ್ಳೆಯ ಸುದ್ದಿಯೇ ಆಗಿರಲಿಲ್ಲ ಎಂದು ತಿಳಿಯಿತು. ಹೆಂಗಸರು, ಚಿಕ್ಕ ವಯಸ್ಸಿನವರು, ಕಾಮಾಲೆ ಇಲ್ಲದವರು, ಹಿಂದೊಮ್ಮೆ ಪ್ಯಾಂಕ್ರಿಯಾಟೈಟಿಸ್ ಬಂದವರು, ನಾಳದ ದಾರಿ ಸುಲಭಕ್ಕೆ ಸಿಗದವರು — ಇವರಿಗೇ ಇಆರ್‌ಸಿಪಿ ನಂತರದ ಪ್ಯಾಂಕ್ರಿಯಾಟೈಟಿಸ್‌ನ ಅಪಾಯ ಹೆಚ್ಚು. ಅದನ್ನು ತಡೆಯಲು ದಶಕಗಳ ಕಾಲ ಹತ್ತಾರು ಔಷಧಗಳನ್ನು ಪ್ರಯತ್ನಿಸಿದ್ದಾರೆ: ಸ್ಟೀರಾಯ್ಡ್, ಅಲೋಪ್ಯೂರಿನಾಲ್, ಆಕ್ಟ್ರಿಯೋಟೈಡ್, ಹೀಗೆ. ಯಾವುದೂ ನೆಚ್ಚುವ ಹಾಗೆ ಕೆಲಸ ಮಾಡಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಮಂಡಿನೋವಿಗೆ ಕೊಡುವ ಔಷಧಗಳ ಜಾತಿಯದೇ, ಇಂಡೋಮೆಥಾಸಿನ್ ಮತ್ತು ಡೈಕ್ಲೋಫೆನಾಕ್. ನೂರು ಮಿಲಿಗ್ರಾಂ, ಒಂದೇ ಸಲ. ಆದರೆ ನುಂಗುವುದಲ್ಲ, ಗುದದ್ವಾರದಲ್ಲಿ ಇಡುವ ಗುಳಿಗೆಯಾಗಿ. ಬಾಯಿಂದ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಅಂಥ ಫಲ ಸಿಕ್ಕಿಲ್ಲ. ಗುದದಲ್ಲಿ ಇಟ್ಟದ್ದು ಬೇಗ ರಕ್ತಕ್ಕೆ ಸೇರುತ್ತದೆ, ಉರಿಯೂತ ಹೊತ್ತಿಕೊಳ್ಳುವ ಮೊದಲ ಹಂತದಲ್ಲೇ ಅದನ್ನು ಅದುಮುತ್ತದೆ ಎಂದು ವಿವರಣೆ.

2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನ ಇದರಲ್ಲಿ ತಿರುವು. ಅಪಾಯ ಹೆಚ್ಚಿರುವ 602 ಜನರಲ್ಲಿ ಅರ್ಧದಷ್ಟು ಮಂದಿಗೆ ಇಂಡೋಮೆಥಾಸಿನ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಔಷಧ ಸಿಕ್ಕವರಲ್ಲಿ ಶೇ. 9.2 ಮಂದಿಗೆ, ಸಿಗದವರಲ್ಲಿ ಶೇ. 16.9 ಮಂದಿಗೆ ಪ್ಯಾಂಕ್ರಿಯಾಟೈಟಿಸ್ ಬಂತು. ಅವರು ಕೊಟ್ಟದ್ದು ಚಿಕಿತ್ಸೆ ಮುಗಿದ ಕೂಡಲೇ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಚೀನಾದ ಅಧ್ಯಯನ 2,600 ಜನರದ್ದು. ಎಲ್ಲರಿಗೂ ಮೊದಲೇ ಕೊಟ್ಟಾಗ ಶೇ. 4, ಅಪಾಯ ಕಂಡವರಿಗೆ ಮಾತ್ರ ಆಮೇಲೆ ಕೊಟ್ಟಾಗ ಶೇ. 8. ಯುರೋಪಿನ ಎಂಡೋಸ್ಕೋಪಿ ವೈದ್ಯರ ಸಂಘ 2020ರ ಮಾರ್ಗಸೂಚಿಯಲ್ಲಿ, ಬೇಡವೆನ್ನಲು ಕಾರಣವಿಲ್ಲದ ಎಲ್ಲರಿಗೂ ಇಆರ್‌ಸಿಪಿಗೆ ಸ್ವಲ್ಪ ಮುಂಚೆ ಇದನ್ನು ಕೊಡಿ ಎಂದು ಹೇಳಿದೆ.

ಇದನ್ನೆಲ್ಲ ಓದಿ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿದೆ. ಕೊಟ್ಟ ಔಷಧಗಳ ಪಟ್ಟಿಯಲ್ಲಿ ಪ್ರತಿಜೀವಕ ಇತ್ತು, ಆಸಿಡಿಟಿಯದು ಇತ್ತು, ಇದು ಇರಲಿಲ್ಲ. ನನಗೆ ಕಿಡ್ನಿ ತೊಂದರೆ ಇಲ್ಲ, ಅಲರ್ಜಿ ಇಲ್ಲ. ಯಜಮಾನರು ಆಸ್ಪತ್ರೆಗೆ ಹೋಗಿ ವಿನಯದಿಂದಲೇ ವಿಚಾರಿಸಿದರು. ನಮ್ಮಲ್ಲಿ ಅದನ್ನು ಎಲ್ಲರಿಗೂ ಕೊಡುವ ಪದ್ಧತಿ ಇಲ್ಲ ಎಂದರಂತೆ. ಅವತ್ತು ರಾತ್ರಿ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಗುಳಿಗೆ ಇಟ್ಟಿದ್ದರೂ ನನಗೆ ಬರಬಹುದಿತ್ತು, ಅದು ನನಗೆ ಗೊತ್ತು. ಔಷಧ ಸಿಕ್ಕವರಲ್ಲೂ ನೂರಕ್ಕೆ ಒಂಬತ್ತು ಮಂದಿಗೆ ಬಂದಿತ್ತಲ್ಲ. ಆದರೆ ಬಾರದಿರುವ ಒಂದು ಅವಕಾಶ ಇತ್ತು, ಅದನ್ನು ನನಗೆ ಕೊಡಲಿಲ್ಲ.

ಎರಡನೇ ಸಲಕ್ಕೆ ಬೆಂಗಳೂರು ಎಂದು ತೀರ್ಮಾನಿಸಿದೆವು. ಅಲ್ಲಿಯ ಗ್ಯಾಸ್ಟ್ರೋ ಡಾಕ್ಟರ್ ಫೋನಿನಲ್ಲಿ ಮೊದಲು ಕೇಳಿದ್ದೇ ಹಿಂದಿನ ಇಆರ್‌ಸಿಪಿಯ ಪೂರ್ಣ ವರದಿಯನ್ನು. ನಮ್ಮ ಹತ್ತಿರ ಇದ್ದದ್ದು ಡಿಸ್ಚಾರ್ಜ್ ಸಮ್ಮರಿ ಮಾತ್ರ, ಅದರಲ್ಲಿ ಎರಡು ಸಾಲು. ವರದಿಗಾಗಿ ಹಳೆಯ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಮೂರು ಸಲ ಅಲೆದೆವು. ನಾಳೆ ಬನ್ನಿ, ಡಾಕ್ಟರ್ ರಜೆಯಲ್ಲಿದ್ದಾರೆ, ಬಿಲ್ಲಿಂಗ್‌ನವರ ಸಹಿ ಬೇಕು. ಹನ್ನೆರಡು ದಿನ ಹೀಗೇ ಹೋಯಿತು. ಆಗ ಪರಿಚಯದ ವಕೀಲರೊಬ್ಬರು ಹೇಳಿದರು: ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಆ ನಿಯಮವನ್ನು ನಮೂದಿಸಿ, ಆಧಾರ್ ಪ್ರತಿ ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಂಡೆವು. ಮರುದಿನವೇ ವರದಿ ಕೈಗೆ ಬಂತು. ನೀವು ಆಸ್ಪತ್ರೆಯಿಂದ ಹೊರಡುವ ದಿನವೇ ಇಆರ್‌ಸಿಪಿ ವರದಿಯನ್ನೂ ಚಿತ್ರಗಳನ್ನೂ ಕೇಳಿ ಪಡೆದುಬಿಡಿ. ಎಂಆರ್‌ಸಿಪಿಯ ಸಿ.ಡಿ. ಜೋಪಾನವಾಗಿಡಿ, ನಮ್ಮದರಲ್ಲಿ ಗೀರು ಬಿದ್ದು ತೆರೆಯಲಿಲ್ಲ, ಮತ್ತೊಂದು ಪ್ರತಿಗೆ ಇನ್ನೂರು ರೂಪಾಯಿ ಕೊಟ್ಟೆವು.

ಆ ವರದಿಯಲ್ಲಿ, ತಂತಿ ಮೂರು ಸಲ ಮೇದೋಜೀರಕ ಗ್ರಂಥಿಯ ನಾಳಕ್ಕೆ ಹೋಯಿತು ಎಂದು ಬರೆದಿತ್ತು.

ಜುಲೈ ಮೊದಲ ವಾರ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋದೆವು. ತಿಪಟೂರು ದಾಟುವವರೆಗೂ ತೆಂಗಿನ ತೋಟ ನೋಡುತ್ತ ಕೂತಿದ್ದೆ, ಕೈಯಲ್ಲಿ ಫೈಲು. ವೈದ್ಯೆ ನನ್ನ ವಯಸ್ಸಿನವರೇ. ವರದಿ ಓದಿ, ಕನ್ನಡಕ ತೆಗೆದು, ‘ಭಯ ಇದೆಯಲ್ಲವೇ?’ ಎಂದು ಕೇಳಿದರು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಯನ್ನು ಓದಿದೆ: ‘ಮೇಡಂ, ಪ್ಯಾಂಕ್ರಿಯಾಟೈಟಿಸ್ ಬಾರದ ಹಾಗೆ ಗುದದಲ್ಲಿ ಇಡುವ ಡೈಕ್ಲೋಫೆನಾಕ್ ಕೊಡುತ್ತೀರಾ?’

‘ಕೊಡುತ್ತೇವೆ. ಆದರೆ ಅದಕ್ಕೆ ಮೊದಲು ನೀವು ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಿ’ ಎಂದರು. ಹಿಂದೆ ಯಾವುದಾದರೂ ನೋವಿನ ಮಾತ್ರೆಯಿಂದ ಮೈಮೇಲೆ ದದ್ದು, ಮುಖ ಊತ, ಉಬ್ಬಸ ಆಗಿದೆಯೇ? ಅಸ್ತಮಾ ಇದೆಯೇ? ಹೊಟ್ಟೆಯಲ್ಲಿ ಹುಣ್ಣು, ಕಪ್ಪು ಮಲ? ಕಿಡ್ನಿ? ಹೃದಯದ ತೊಂದರೆ? ರಕ್ತ ತೆಳುವಾಗಿಸುವ ಮಾತ್ರೆ? ಗರ್ಭಿಣಿಯೇ? ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ನನ್ನದು 0.8 ಇದ್ದದ್ದನ್ನು ನೋಡಿ ಗುರುತು ಹಾಕಿಕೊಂಡರು. ಈ ಔಷಧ ಕಿಡ್ನಿ ಸೋತವರಿಗೆ, ನೋವಿನ ಮಾತ್ರೆಯ ಅಲರ್ಜಿ ಇರುವವರಿಗೆ, ಗರ್ಭದ ಕೊನೆಯ ತಿಂಗಳುಗಳಲ್ಲಿ ಇರುವವರಿಗೆ ಆಗುವುದಿಲ್ಲ. ಅಂಥವರಿಗೆ ಡ್ರಿಪ್ ಹೆಚ್ಚು ಕೊಡುವುದು, ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ, ಗ್ರಂಥಿಯ ನಾಳಕ್ಕೇ ಸಣ್ಣ ಸ್ಟೆಂಟ್ — ಇಂಥ ಬೇರೆ ದಾರಿಗಳಿವೆ ಎಂದರು.

ಅವರು ಇನ್ನೂ ಎರಡು ವಿಷಯ ಹೇಳಿದರು, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಂದು, ಹಿಂದೆ ಬಂದಿರುವುದರಿಂದ ನನ್ನ ಅಪಾಯ ಹೆಚ್ಚು. ಆದರೆ ಮೊದಲ ಸಲವೇ ನಾಳದ ಬಾಯಿಯನ್ನು ಕೊಯ್ದು ಅಗಲ ಮಾಡಿರುವುದರಿಂದ ಈಗ ದಾರಿ ಸುಲಭ, ಆ ಲೆಕ್ಕದಲ್ಲಿ ಅಪಾಯ ಕಡಿಮೆ. ಹಾಗಾಗಿ ಎರಡನೇ ಸಲ ಚೆನ್ನಾಗಿ ಆದದ್ದೆಲ್ಲ ಗುಳಿಗೆಯೊಂದರ ಪುಣ್ಯ ಎಂದು ನಾನು ಹೇಳಲಾರೆ. ಎರಡು, ದಾರಿ ಮತ್ತೆ ಕಷ್ಟವಾಗಿ ತಂತಿ ಗ್ರಂಥಿಯ ನಾಳಕ್ಕೆ ಹೋದರೆ ಗುಳಿಗೆಯನ್ನಷ್ಟೇ ನಂಬಿ ಕೂರುವುದಿಲ್ಲ, ಅಲ್ಲಿಯೂ ಒಂದು ಚಿಕ್ಕ ಸ್ಟೆಂಟ್ ಇಡುತ್ತೇವೆ ಎಂದರು. 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ 1,950 ಜನರ ಅಧ್ಯಯನದಲ್ಲಿ, ಅಪಾಯ ಹೆಚ್ಚಿರುವವರಿಗೆ ಇಂಡೋಮೆಥಾಸಿನ್ ಒಂದನ್ನೇ ಕೊಟ್ಟಾಗ ಶೇ. 14.9, ಸ್ಟೆಂಟ್ ಜೊತೆಗೆ ಕೊಟ್ಟಾಗ ಶೇ. 11.3 ಮಂದಿಗೆ ಬಂದಿತ್ತಂತೆ. ಇಷ್ಟು ಹೊತ್ತು ಕೂತು ಯಾರಾದರೂ ನನಗೆ ಹೇಳಿದ್ದು ಅದೇ ಮೊದಲು. ಕೋಣೆಯಿಂದ ಹೊರಬಂದಾಗ ಭಯ ಇತ್ತು, ಆದರೆ ಅದಕ್ಕೊಂದು ಅಳತೆ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಒಂದು ಅಡ್ಡಿ. ನಾನು ಅಂದುಕೊಂಡದ್ದು ಗುಳಿಗೆ ಆಸ್ಪತ್ರೆಯಲ್ಲಿ ಇದ್ದೇ ಇರುತ್ತದೆ ಎಂದು. ಔಷಧಾಲಯದಲ್ಲಿ ಹಿಂದಿನ ದಿನ ಖಾಲಿಯಾಗಿತ್ತು, ಹೊಸದು ಮಧ್ಯಾಹ್ನ ಬರುತ್ತದೆ. ನನ್ನ ಸರದಿ ಹತ್ತು ಗಂಟೆಗೆ. ಸಿಸ್ಟರ್ ಚೀಟಿ ಬರೆದುಕೊಟ್ಟರು, ಯಜಮಾನರು ಎಂಟೂವರೆಗೆ ಹೊರಗೆ ಓಡಿದರು. ಮೊದಲ ಅಂಗಡಿ ತೆರೆದಿರಲಿಲ್ಲ. ಎರಡನೆಯದರಲ್ಲಿ ಸಿಕ್ಕಿತು. ತಂದು ಕೊಟ್ಟಾಗ ಸಿಸ್ಟರ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ‘ಸರ್, ಇದು ಮಕ್ಕಳದು, ಹನ್ನೆರಡೂವರೆ ಮಿಲಿಗ್ರಾಂ. ನಮಗೆ ಬೇಕಾದ್ದು ನೂರು’ ಎಂದರು. ಪೊಟ್ಟಣ ನೋಡಲು ಹೆಚ್ಚುಕಡಿಮೆ ಒಂದೇ ಥರ. ಮತ್ತೆ ಓಡಿದರು. ಮೂರನೇ ಅಂಗಡಿಯಲ್ಲಿ ಫ್ರಿಜ್ಜಿನಿಂದ ತೆಗೆದು ಕೊಟ್ಟರಂತೆ, ಐದರ ಪಟ್ಟಿ. ಒಂದೊಂದಕ್ಕೆ ಇಪ್ಪತ್ತು ರೂಪಾಯಿಯೊಳಗೆ ಬಿತ್ತು. ಒಂಬತ್ತೂ ಇಪ್ಪತ್ತಕ್ಕೆ ಬೆವರಿಳಿಸುತ್ತ ಬಂದು ನನ್ನ ಮಂಚದ ಪಕ್ಕ ನಿಂತ ಅವರ ಮುಖ ನಾನು ಮರೆಯುವುದಿಲ್ಲ. ನೀವು ಹೋಗುವ ಮುನ್ನಾ ದಿನವೇ ಕೇಳಿಕೊಳ್ಳಿ: ನಿಮ್ಮಲ್ಲಿ ಇದೆಯೇ, ನಾವು ತರಬೇಕೇ? ತಂದರೆ ನೂರು ಮಿಲಿಗ್ರಾಂ ಎಂದು ಓದಿ ನೋಡಿ ತನ್ನಿ, ಬಿಸಿಲಿನಲ್ಲಿ ಇಡಬೇಡಿ, ಅದು ಮೈಯ ಶಾಖಕ್ಕೆ ಕರಗುವ ವಸ್ತು.

ಇಟ್ಟುಕೊಳ್ಳುವ ಬಗ್ಗೆ ಹೆಂಗಸರಿಗೆ ಸಂಕೋಚ ಇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪರದೆ ಎಳೆದರು, ಸಿಸ್ಟರ್ ಒಬ್ಬರೇ ಇದ್ದರು. ಎಡ ಮಗ್ಗುಲಿಗೆ ತಿರುಗಿ ಮಂಡಿ ಮಡಿಸಿ ಮಲಗಿದೆ. ಕಿರುಬೆರಳ ತುದಿಯಷ್ಟು ಉದ್ದದ, ಮೇಣದ ಹಾಗಿರುವ ಗುಳಿಗೆ. ಕೈಗವಸು ಹಾಕಿಕೊಂಡು ಒಳಗೆ ತಳ್ಳಿದರು, ತಣ್ಣಗೆ ಅನ್ನಿಸಿತು, ಅಷ್ಟೇ. ಹದಿನೈದು ನಿಮಿಷ ಹಾಗೇ ಮಲಗಿರಿ, ಬಹಿರ್ದೆಸೆಗೆ ಹೋಗಬೇಕು ಅನ್ನಿಸಿದರೆ ತಡೆಯಿರಿ ಎಂದರು. ಹಾಗಾಗಿ ಶೌಚ ಮುಗಿಸಿಕೊಂಡೇ ಸಿದ್ಧವಾಗಿರುವುದು ಒಳ್ಳೆಯದು. ಕೈಗೆ ರಿಂಗರ್ ಲ್ಯಾಕ್ಟೇಟ್ ಹಚ್ಚಿದರು. ಫೈಲಿನಲ್ಲಿ ಸಮಯ ಬರೆದರು: 9.40. ಆ ಅಂಕಿ ನೋಡಿದಾಗ ನನಗೆ ಬಂದ ಸಮಾಧಾನವನ್ನು ಹೇಗೆ ಹೇಳಲಿ.

ಒಳಗೆ ನಲವತ್ತು ನಿಮಿಷ. ಹಳೆಯ ಸ್ಟೆಂಟ್ ತೆಗೆದರು, ಉಳಿದ ಕಲ್ಲನ್ನು ಬಲೂನಿನಿಂದ ಎಳೆದು ಹಾಕಿದರು. ತಂತಿ ಮೊದಲ ಪ್ರಯತ್ನಕ್ಕೇ ಸರಿಯಾದ ದಾರಿ ಹಿಡಿಯಿತು, ಗ್ರಂಥಿಯ ನಾಳವನ್ನು ಮುಟ್ಟಲೇ ಇಲ್ಲ ಎಂದು ವೈದ್ಯೆ ತಾವೇ ಬಂದು ಹೇಳಿದರು.

ಆಮೇಲಿನ ನಾಲ್ಕು ಗಂಟೆಯೇ ಕಠಿಣ. ನಾಲ್ಕೂವರೆ ಹತ್ತಿರವಾದಂತೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದೆ. ಸ್ವಲ್ಪ ಗುಡುಗುಡು ಅಂದರೂ ಎದೆ ಹೊಡೆದುಕೊಳ್ಳುತ್ತಿತ್ತು. ಯಜಮಾನರು ಏನೂ ಮಾತಾಡದೆ ನನ್ನ ಕಾಲು ಒತ್ತುತ್ತ ಕೂತಿದ್ದರು. ಮೂರಕ್ಕೆ ರಕ್ತ ತೆಗೆದುಕೊಂಡು ಹೋಗಿದ್ದರು. ಐದಕ್ಕೆ ಸಿಸ್ಟರ್ ಬಾಗಿಲಲ್ಲೇ ನಿಂತು, ‘ಅಕ್ಕಾ, ಅಮೈಲೇಸ್ ತೊಂಬತ್ತಾರು!’ ಎಂದರು. ಆರೂವರೆಗೆ ಎರಡು ಇಡ್ಲಿ, ನೀರಾದ ಸಾಂಬಾರು. ಅಂಥ ಇಡ್ಲಿ ನಾನು ಜೀವನದಲ್ಲಿ ತಿಂದಿಲ್ಲ.

ಎರಡು ದಿನ ಬಿಟ್ಟು, ಅದೇ ಸೇರ್ಪಡೆಯಲ್ಲೇ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಅದು ನಿಜಕ್ಕೂ ಸುಲಭವಾಗಿ ಆಯಿತು, ಬರೆಯುವಂಥದ್ದು ಏನೂ ಇಲ್ಲ. ಈ ಸಲ ಪಾಲಿಸಿಯ ಮಿತಿಯೊಳಗಿನ ಇಬ್ಬರ ಕೋಣೆ ಹಿಡಿದಿದ್ದೆವು. ಒಟ್ಟು 1,78,000, ವಿಮೆಯಲ್ಲಿ ಉಳಿದಿದ್ದ 1,51,000 ಪೂರ್ತಿ ಮುಗಿದು ಮೇಲಿನ ಇಪ್ಪತ್ತೇಳು ಸಾವಿರ ನಮ್ಮ ಕೈಯಿಂದ ಹೋಯಿತು. ಮೊದಲ ಸಲ ಆ ಒಂಬತ್ತು ದಿನ ಇಲ್ಲದಿದ್ದರೆ ಎರಡೂ ಸೇರಿ ಮೂರು ಲಕ್ಷದೊಳಗೇ ಆಗುತ್ತಿತ್ತು. ಬಿಡುಗಡೆಯ ದಿನ ವಿಮೆಯ ಅಂತಿಮ ಒಪ್ಪಿಗೆಗೆ ಕಾದು ಕೂತಾಗ ಇನ್ನೊಂದು ವಿಷಯ ತಿಳಿಯಿತು: ಆಸ್ಪತ್ರೆ ಕೋರಿಕೆ ಕಳಿಸಿದ ಮೂರು ಗಂಟೆಯೊಳಗೆ ಅದನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಸೂಚಿಸಿದೆ. ಕೋರಿಕೆ ಎಷ್ಟು ಹೊತ್ತಿಗೆ ಹೋಯಿತು ಎಂದು ಕೌಂಟರಿನಲ್ಲಿ ಕೇಳಿ ಬರೆದುಕೊಳ್ಳಿ.

ಮೊನ್ನೆ ಭಾನುವಾರ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದಿದ್ದರು. ಅವರ ತಂದೆಗೆ ಎಪ್ಪತ್ತೊಂದು ವರ್ಷ, ಮುಂದಿನ ಮಂಗಳವಾರ ಇಆರ್‌ಸಿಪಿ ಇದೆ. ನನ್ನ ಕಥೆ ಕೇಳಿ, ‘ಮೇಡಂ, ಉಳಿದ ಗುಳಿಗೆ ಇದ್ದರೆ ಕೊಡಿ, ತೆಗೆದುಕೊಂಡು ಹೋಗಿ ಡಾಕ್ಟರಿಗೆ ಕೊಡುತ್ತೇನೆ’ ಎಂದರು. ಪಟ್ಟಿಯಲ್ಲಿ ಉಳಿದ ನಾಲ್ಕು ಫ್ರಿಜ್ಜಿನ ಬಾಗಿಲಲ್ಲೇ ಇದ್ದವು. ನಾನು ಎದ್ದು ತರಲಿಲ್ಲ. ಅಪ್ಪನ ರಕ್ತ ಪರೀಕ್ಷೆಯ ಹಾಳೆ ಇದೆಯೇ ಎಂದು ಕೇಳಿದೆ. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಕ್ರಿಯಾಟಿನಿನ್ 2.3 ಇತ್ತು. ಆ ಸಾಲನ್ನು ಬೆರಳಿನಿಂದ ದೊಡ್ಡದು ಮಾಡಿ ತೋರಿಸಿ, ‘ಡಾಕ್ಟರ ಹತ್ತಿರ ಹೋದ ಕೂಡಲೇ ಮೊದಲು ಇದನ್ನು ತೋರಿಸಿ, ಆಮೇಲೆ ಪ್ಯಾಂಕ್ರಿಯಾಟೈಟಿಸ್ ಬಾರದ ಹಾಗೆ ಅಪ್ಪನಿಗೆ ಏನು ಮಾಡುತ್ತೀರಿ ಎಂದು ಕೇಳಿ’ ಎಂದೆ. ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡು ಹೋದರು.